ತಂಗಳು ಪೆಟ್ಟಿಗೆಯ ಪರವಾಗಿ

(ನಮ್ಮ ಬಳಗದ ಓದುಕೂಟದಲ್ಲಿ ಮಾಡಿದ ಭಾಷಣದ ಪರಿಷ್ಕೃತ ಪಠ್ಯ)



ಕಳೆದ ತಿಂಗಳು ನಮ್ಮ ವಾಟ್ಸ್‌ಆಪ್ ಗುಂಪಿಗೆ ಒಂದು ಸಂದೇಶ ಬಂದಿತ್ತು. ಕಳಿಸಿದವರು ಯಾರೆಂದು ಹೇಳುವುದಿಲ್ಲ. ಅವರು ಇಲ್ಲಿಯೇ ಕೂತಿದ್ದಾರೆ, ನನ್ನ ಸ್ನೇಹಿತರೂ ಹೌದು. ಫ್ರಿಜ್ಜಿನಲ್ಲಿಟ್ಟ ಅನ್ನ, ಸಾರು ಉಣ್ಣುವುದರಿಂದ ಹೊಟ್ಟೆಯ ಕ್ಯಾನ್ಸರ್ ಬರುತ್ತದೆ, ನಮ್ಮ ಹಿರಿಯರು ಆಯಾ ಹೊತ್ತಿನ ಅಡುಗೆಯನ್ನು ಆಯಾ ಹೊತ್ತಿಗೇ ಉಂಡು ನೂರು ವರ್ಷ ಬಾಳುತ್ತಿದ್ದರು ಎಂಬುದು ಅದರ ಸಾರಾಂಶ. ಕೆಳಗೆ ಹಲವರು ಕೈಮುಗಿದಿದ್ದರು. ಕೋಮುದ್ವೇಷದ ಸಂದೇಶ ಬಂದರೆ ಕ್ಷಣಾರ್ಧದಲ್ಲಿ ಎದ್ದು ಆಧಾರ ಕೇಳುವ ನಾವು, ಊಟದ ವಿಷಯಕ್ಕೆ ಬಂದಾಗ ಯಾಕೆ ಸುಮ್ಮನಾಗುತ್ತೇವೆ ಎಂದು ಯೋಚಿಸುತ್ತ ಈ ಮಾತುಗಳನ್ನು ಬರೆದುಕೊಂಡೆ.

ನಾನು ವೈದ್ಯನಲ್ಲ. ಅಮೆರಿಕದ ಒಂದು ರಾಜ್ಯದ ಕ್ಯಾನ್ಸರ್ ನೋಂದಣಿ ವಿಭಾಗದಲ್ಲಿ ಅಂಕಿಸಂಖ್ಯೆಗಳ ಕೆಲಸ ಮಾಡಿಕೊಂಡು ಬಂದವನು. ಆದರೆ ಈ ವಿಷಯದೊಂದಿಗೆ ನನ್ನ ಸಂಬಂಧ ಆ ಕೆಲಸಕ್ಕಿಂತ ಹಳೆಯದು. 1991ರಲ್ಲಿ ನನ್ನ ಅಪ್ಪ ಜಠರದ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ ಐವತ್ತನಾಲ್ಕು. ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯಿಂದ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಕೊಯ್ಯುವುದಕ್ಕೂ ಏನೂ ಉಳಿದಿರಲಿಲ್ಲ. ತಿಥಿಯ ದಿನ ನನ್ನ ಸೋದರತ್ತೆ ಹತ್ತು ಜನರ ಮುಂದೆ ಅಮ್ಮನಿಗೆ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ನೀನು ಹಾಕಿದ ಉಪ್ಪು ಖಾರನೇ ನಮ್ಮಣ್ಣನ ಹೊಟ್ಟೆ ತಿಂತು ಅತ್ತಿಗೆ." ಅಮ್ಮ ಎದುರು ಮಾತಾಡಲಿಲ್ಲ. ಆ ಮಾತನ್ನು ಮೂವತ್ತು ವರ್ಷ ಹೊತ್ತುಕೊಂಡು ನಡೆದಳು. ಆ ಆರೋಪದಲ್ಲಿ ಎಷ್ಟು ನಿಜವಿತ್ತು ಎಂದು ಲೆಕ್ಕ ಹಾಕುವುದು ನನ್ನ ಇಂದಿನ ಮಾತಿನ ಇನ್ನೊಂದು ಉದ್ದೇಶ.

ಮೊದಲು ಒಂದು ಇತಿಹಾಸ. 1930ರ ದಶಕದ ಅಮೆರಿಕದಲ್ಲಿ ಗಂಡಸರನ್ನು ಅತಿ ಹೆಚ್ಚು ಕೊಲ್ಲುತ್ತಿದ್ದ ಕ್ಯಾನ್ಸರ್ ಶ್ವಾಸಕೋಶದ್ದಲ್ಲ, ಜಠರದ್ದು. ಅಲ್ಲಿಂದ ಮುಂದಿನ ಐವತ್ತು ವರ್ಷಗಳಲ್ಲಿ ಅದು ದಶಕದಿಂದ ದಶಕಕ್ಕೆ ಇಳಿಯುತ್ತ ಹೋಗಿ ಪಟ್ಟಿಯ ಕೆಳಗೆಲ್ಲೋ ಸೇರಿತು. ವಿಚಿತ್ರವೆಂದರೆ ಇದಕ್ಕಾಗಿ ಯಾರೂ ಚಳವಳಿ ಮಾಡಲಿಲ್ಲ. ಲಸಿಕೆ ಬರಲಿಲ್ಲ, ಸರ್ಕಾರ ಯೋಜನೆ ಹಾಕಲಿಲ್ಲ, ಶಸ್ತ್ರಚಿಕಿತ್ಸೆಯೂ ಆ ಮಟ್ಟಿಗೆ ಸುಧಾರಿಸಲಿಲ್ಲ. 1986ರಲ್ಲಿ ಅರ್ನ್‌ಸ್ಟ್ ವಿಂಡರ್ ಮತ್ತು ಅವರ ಸಂಗಡಿಗರು ಈ ಇಳಿತವನ್ನು ವಿಶ್ಲೇಷಿಸಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ಅದನ್ನು 'ಯೋಜಿಸದೆ ದಕ್ಕಿದ ಗೆಲುವು' ಎಂಬ ಅರ್ಥದ ಮಾತಿನಿಂದ ಕರೆದರು. ಯೋಜಿಸದೆ ಬಂದ ಗೆಲುವಿಗೆ ಕಾರಣ ಹುಡುಕುವಾಗ ಸಂಶೋಧಕರ ಕಣ್ಣು ಬಿದ್ದ ವಸ್ತುಗಳಲ್ಲಿ ಮುಖ್ಯವಾದದ್ದು ಅಡುಗೆಮನೆಯ ಮೂಲೆಯಲ್ಲಿ ಗುಂಯ್‌ಗುಡುವ ಆ ಪೆಟ್ಟಿಗೆ. ನಾವು ತಮಾಷೆಗೆ 'ತಂಗಳು ಪೆಟ್ಟಿಗೆ' ಎನ್ನುತ್ತೇವಲ್ಲ, ಅದೇ.

ಫ್ರಿಜ್ಜು ಬರುವ ಮುಂಚೆ ಮನುಷ್ಯರು ಆಹಾರವನ್ನು ಹೇಗೆ ಕಾಪಾಡಿಕೊಳ್ಳುತ್ತಿದ್ದರು? ಉಪ್ಪು ಸವರಿ, ಹೊಗೆಗೆ ಹಿಡಿದು, ಒಣಗಿಸಿ, ಹುಳಿಬರಿಸಿ. ಐರೋಪ್ಯರು ಹಂದಿಮಾಂಸಕ್ಕೆ ಉಪ್ಪು ಹಾಕಿ ಪೀಪಾಯಿ ತುಂಬಿದರು, ಜಪಾನೀಯರು ಮೂಲಂಗಿಯನ್ನೂ ಮೀನಿನ ಮೊಟ್ಟೆಯನ್ನೂ ಉಪ್ಪಿನಲ್ಲಿ ಹೂತರು. ನಮ್ಮ ಕರಾವಳಿ, ಮಲೆನಾಡಿನವರು ಹಲಸಿನ ಸೊಳೆಯನ್ನು, ಮಾವಿನ ಮಿಡಿಯನ್ನು ಉಪ್ಪುನೀರಿನ ಭರಣಿಗೆ ಇಳಿಸಿದರು. ನಮ್ಮ ಬಯಲುಸೀಮೆಯ ಸಂತೆಗೆ ಸಮುದ್ರದಿಂದ ಬರುತ್ತಿದ್ದದ್ದು ಒಣಮೀನು, ನಮ್ಮವರ ಬಾಯಲ್ಲಿ ಕರ್ಮೀನು. ಹಬ್ಬದಲ್ಲಿ ಮಿಕ್ಕ ಬಾಡು ಉಪ್ಪು, ಅರಿಸಿನ ಸವರಿಸಿಕೊಂಡು ಹಗ್ಗದ ಮೇಲೆ ಒಣಗುತ್ತಿತ್ತು. ಬಡವನಿಗೆ ಎಟುಕುವ ಏಕೈಕ ಶೈತ್ಯಾಗಾರವೆಂದರೆ ಉಪ್ಪು. 1930ರಲ್ಲಿ ಅಂಕೋಲೆಯ ಜನ ಉಪ್ಪಿಗಾಗಿ ಬೀದಿಗಿಳಿದದ್ದನ್ನು ನಾವು ಸ್ವಾತಂತ್ರ್ಯದ ಸಂಕೇತವೆಂದು ಓದುತ್ತೇವೆ. ಉಪ್ಪಿಲ್ಲದೆ ಮಳೆಗಾಲ ದಾಟದ ಮನೆಗಳೂ ಆಗ ಇದ್ದವೆಂಬುದನ್ನು ಮರೆಯುತ್ತೇವೆ.

ಆದರೆ ಉಪ್ಪು ಜಠರದ ಒಳಗೋಡೆಗೆ ಒಳ್ಳೆಯದನ್ನು ಮಾಡುವುದಿಲ್ಲ. ಆ ಗೋಡೆಯ ಮೇಲೆ ಲೋಳೆಯ ಒಂದು ಪದರವಿದ್ದು ಆಮ್ಲದಿಂದ ಅದನ್ನು ಕಾಯುತ್ತದೆ. ಅತಿಯಾದ ಉಪ್ಪು ದಿನದಿನವೂ ಆ ಪದರವನ್ನು ಕೆಡಿಸಿ, ಕೆಳಗಿನ ಜೀವಕೋಶಗಳು ಮತ್ತೆ ಮತ್ತೆ ಸತ್ತು ಹುಟ್ಟುವಂತೆ ಮಾಡುತ್ತದೆ. ಇನ್ನೊಂದು ಕಡೆಯಿಂದ ನೈಟ್ರೇಟ್ ಬರುತ್ತದೆ. ಸೊಪ್ಪು ತರಕಾರಿಗಳಲ್ಲಿ ಅದು ಸಹಜವಾಗಿಯೇ ಇರುತ್ತದೆ, ತಾಜಾ ಇದ್ದಾಗ ತೊಂದರೆಯಿಲ್ಲ. ಬೇಯಿಸಿದ ಸೊಪ್ಪನ್ನು ಬೆಚ್ಚಗಿನ ಕೋಣೆಯಲ್ಲಿ ಇಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ಅದು ಜಠರದಲ್ಲಿ ಪ್ರೋಟೀನಿನ ತುಣುಕುಗಳೊಂದಿಗೆ ಕೂಡಿ ನೈಟ್ರೋಸಮೈನ್ ಜಾತಿಯ ಸಂಯುಕ್ತಗಳಾಗಬಲ್ಲದು. ಈ ಜಾತಿಯ ಒಂದು ವಸ್ತು ಇಲಿಗಳಲ್ಲಿ ಗಡ್ಡೆ ಬೆಳೆಸುತ್ತದೆಂದು 1956ರಲ್ಲೇ ಮಗೀ ಮತ್ತು ಬಾರ್ನ್ಸ್ ತೋರಿಸಿದ್ದರು. ಫ್ರಿಜ್ಜಿನ ನಾಲ್ಕು ಡಿಗ್ರಿಯ ತಂಪಿನಲ್ಲಿ ಆ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ತೂಕಡಿಸುತ್ತವೆ. ಅಂದರೆ ವಾಟ್ಸ್‌ಆಪ್ ಸಂದೇಶ ಹೇಳಿದ್ದಕ್ಕೆ ಸರಿಯಾಗಿ ತಿರುವುಮುರುವು. ಅಪಾಯವಿರುವುದು ಸಾರನ್ನು ಫ್ರಿಜ್ಜಿನಲ್ಲಿ ಇಡುವುದರಲ್ಲಲ್ಲ, ಇಡಲು ಫ್ರಿಜ್ಜಿಲ್ಲದಿರುವುದರಲ್ಲಿ.

ಫ್ರಿಜ್ಜು ಮಾಡಿದ ದೊಡ್ಡ ಉಪಕಾರ ಇನ್ನೊಂದಿದೆ. ಅದು ಮತ್ತು ಅದರ ಹಿಂದಿನ ಶೀತಲ ಸಾಗಣೆಯ ಲಾರಿ, ರೈಲುಗಳು ಹಣ್ಣು, ತರಕಾರಿಗಳನ್ನು ವರ್ಷವಿಡೀ ಊಟಕ್ಕೆ ತಂದವು. ಚಳಿಗಾಲದಲ್ಲಿ ಉಪ್ಪುಮಾಂಸ ಮತ್ತು ಆಲೂಗಡ್ಡೆಯನ್ನಷ್ಟೇ ತಿನ್ನುತ್ತಿದ್ದ ಮಿನೆಸೋಟದ ಕೂಲಿಯ ತಟ್ಟೆಗೆ ಕಿತ್ತಲೆ ಬಂತು. ನೈಟ್ರೈಟು ಕ್ಯಾನ್ಸರಕಾರಕವಾಗಿ ಮಾರ್ಪಡುವುದನ್ನು ಸಿ ಜೀವಸತ್ವ ತಡೆಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡ ಸಂಗತಿ.

ಈ ಎಳೆಗಳನ್ನೆಲ್ಲ ಒಂದು ಕಥೆಯಾಗಿ ಕಟ್ಟಿದವರು ಕೊಲಂಬಿಯಾ ದೇಶದ ರೋಗಶಾಸ್ತ್ರಜ್ಞ ಪೆಲಾಯೊ ಕೊರಿಯಾ. ಆ ದೇಶದ ನೈಋತ್ಯದಲ್ಲಿ ನರಿನ್ಯೊ ಎಂಬ ಪ್ರಾಂತ್ಯವಿದೆ. ಅದರ ಆಂಡೀಸ್ ಬೆಟ್ಟದ ಊರುಗಳಲ್ಲಿ ಜಠರದ ಕ್ಯಾನ್ಸರ್ ಜಗತ್ತಿನ ಅತಿ ಹೆಚ್ಚಿನ ಪ್ರಮಾಣಗಳಲ್ಲೊಂದು. ಅದೇ ಪ್ರಾಂತ್ಯದ ಕರಾವಳಿಯ ತುಮಾಕೊದಲ್ಲಿ ಅದು ಅಪರೂಪ. ಎರಡರ ನಡುವಿನ ವ್ಯತ್ಯಾಸ ಇಪ್ಪತ್ತು ಪಟ್ಟಿಗೂ ಮಿಕ್ಕಿದ್ದು. ಬೆಟ್ಟದವರು ಆಲೂಗಡ್ಡೆ, ಅವರೆಜಾತಿಯ ಕಾಳು, ಹೆಚ್ಚು ಉಪ್ಪು ತಿನ್ನುವ ರೈತರು. ಕರಾವಳಿಯವರು ಮೀನು, ಹಣ್ಣು ತಿನ್ನುವ, ಬಹುಪಾಲು ಆಫ್ರಿಕನ್ ಮೂಲದ ಜನ. ಬೆಟ್ಟದ ಬಾವಿಗಳ ನೀರಿನ ನೈಟ್ರೇಟನ್ನೂ ಕೊರಿಯಾ ತಂಡ ಅಳೆಯಿತು, ಸಂಶಯಿಸಿತು. 1975ರಲ್ಲಿ ಅವರು ಮಂಡಿಸಿದ ಮಾದರಿಯ ತಿರುಳು ಇದು: ಕ್ಯಾನ್ಸರ್ ಎಂಬುದು ಒಂದು ದಿನದ ಆಕಸ್ಮಿಕವಲ್ಲ, ಜಠರದ ಗೋಡೆಯ ಉರಿಯೂತ ಸವಕಳಿಯಾಗಿ, ಸವಕಳಿಯಾದಲ್ಲಿ ಕರುಳಿನಂಥ ಜೀವಕೋಶಗಳು ಬೆಳೆದು, ಅವು ವಿಕಾರಗೊಂಡು, ಕೊನೆಗೆ ಗಡ್ಡೆಯಾಗುತ್ತದೆ. ಈ ಮೆಟ್ಟಿಲುಗಳನ್ನು ಇಳಿಯಲು ಎಷ್ಟೋ ದಶಕಗಳು ಬೇಕು. ಆರಂಭ ಮಾತ್ರ ಹೆಚ್ಚಾಗಿ ಬಾಲ್ಯದಲ್ಲಿ.

ಬಾಲ್ಯದಲ್ಲಿ ಎಂದೆ. ಉಪ್ಪಿನ ಕಥೆಯಷ್ಟೇ ಸಾಲದು ಎಂದು ತೋರಿಸಿದ ಪಾತ್ರ ಈಗ ರಂಗಕ್ಕೆ ಬರುತ್ತದೆ. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್, ಆಮ್ಲದಲ್ಲಿ ಏನೂ ಬದುಕದು ಎಂದು ಎಲ್ಲರೂ ನಂಬಿದ್ದ ಜಠರದೊಳಗೆ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಯಾರೂ ಒಪ್ಪದಿದ್ದಾಗ 1984ರಲ್ಲಿ ಮಾರ್ಷಲ್ ತಾನೇ ಅದನ್ನು ಕುಡಿದು ಜಠರದ ಉರಿಯೂತ ಬರಿಸಿಕೊಂಡರು. ಅದರ ಹೆಸರು ಹೆಲಿಕೊಬ್ಯಾಕ್ಟರ್ ಪೈಲೊರಿ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಖಚಿತ ಕ್ಯಾನ್ಸರಕಾರಕಗಳ ಪಟ್ಟಿಗೆ ಸೇರಿಸಿತು, 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಕೊರಿಯಾ ಕೂಡ ತಮ್ಮ ಮಾದರಿಯ ಮೊದಲ ಮೆಟ್ಟಿಲಿನಲ್ಲಿ ಈ ಬ್ಯಾಕ್ಟೀರಿಯಾವನ್ನು ಕೂರಿಸಿಕೊಂಡರು. ಅದು ಸಾಮಾನ್ಯವಾಗಿ ಅಂಟಿಕೊಳ್ಳುವುದು ಎಳವೆಯಲ್ಲಿ. ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ, ಕೈ ತೊಳೆಯಲು ನೀರಿಲ್ಲದ, ಕುಡಿಯುವ ನೀರು ಶುದ್ಧವಿಲ್ಲದ ಮನೆಗಳಲ್ಲಿ. ಚಿಕಿತ್ಸೆಯಿಲ್ಲದಿದ್ದರೆ ಬಹುಮಂದಿಯಲ್ಲಿ ಜೀವಮಾನವಿಡೀ ಉಳಿಯುತ್ತದೆ.

ಹಾಗಾದರೆ ಅದೊಂದೇ ಸಾಕೇ? ಇಲ್ಲ. ನರಿನ್ಯೊದ ಬೆಟ್ಟದಲ್ಲೂ ಕರಾವಳಿಯಲ್ಲೂ ಹೆಚ್ಚುಕಡಿಮೆ ಎಲ್ಲರ ಜಠರದಲ್ಲೂ ಈ ಬ್ಯಾಕ್ಟೀರಿಯಾ ಇದೆ, ಕ್ಯಾನ್ಸರ್ ಮಾತ್ರ ಬೆಟ್ಟದಲ್ಲಿ. ಆಫ್ರಿಕದ ಅನೇಕ ಭಾಗಗಳಲ್ಲಿ, ಭಾರತದಲ್ಲಿ ಸೋಂಕು ವ್ಯಾಪಕವಾಗಿದ್ದರೂ ಕ್ಯಾನ್ಸರ್ ಆ ಪ್ರಮಾಣದಲ್ಲಿಲ್ಲ. ಇದನ್ನು ಸಂಶೋಧಕರು ಒಗಟೆಂದೇ ಕರೆದಿದ್ದಾರೆ. ಬ್ಯಾಕ್ಟೀರಿಯಾದ ತಳಿ, ಅದನ್ನು ಹೊತ್ತ ಜನರ ವಂಶವಾಹಿ, ಉಪ್ಪು, ತಂಬಾಕು, ಹಣ್ಣು ತರಕಾರಿಯ ಕೊರತೆ, ಇವೆಲ್ಲ ಸೇರಿ ಒಗಟಿನ ಉತ್ತರ. ಫ್ರಿಜ್ಜಿನ ವಿಷಯದಲ್ಲೂ ಪ್ರಾಮಾಣಿಕವಾಗಿರಬೇಕು. ಫ್ರಿಜ್ಜು ಬಂದ ಮನೆಗೆ ನಲ್ಲಿಯೂ ಬಂದಿರುತ್ತದೆ, ಕೋಣೆಗಳೂ ಹೆಚ್ಚಿರುತ್ತವೆ, ಮಕ್ಕಳು ಕಡಿಮೆಯಿರುತ್ತಾರೆ. ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಕಷ್ಟ.

ನನಗೆ ಮುಖ್ಯವೆನಿಸುವುದು ಇದು: ಈ ಪಟ್ಟಿಯಲ್ಲಿ ಹೆಚ್ಚಿನವು ಒಬ್ಬ ಮನುಷ್ಯನ ನಾಲಿಗೆಯ ಚಪಲಕ್ಕೆ ಸೇರಿದವಲ್ಲ. 1930ರ ದಶಕದ ನಡುವೆ ಅಮೆರಿಕದ ನಗರದ ಮನೆಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ವಿದ್ಯುತ್ತಿತ್ತು. ರೈತರ ಮನೆಗಳಲ್ಲಿ ಹತ್ತಕ್ಕೆ ಒಂದರಲ್ಲಿ. ಹಳ್ಳಿಗೆ ತಂತಿ ಎಳೆದರೆ ಲಾಭವಿಲ್ಲವೆಂದು ಖಾಸಗಿ ಕಂಪನಿಗಳು ಕೈಚೆಲ್ಲಿದ್ದವು. 1935ರ ಮೇ ತಿಂಗಳಲ್ಲಿ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿದರು. ರೈತರು ಸಹಕಾರ ಸಂಘ ಕಟ್ಟಿಕೊಂಡು ಸರ್ಕಾರಿ ಸಾಲದಲ್ಲಿ ತಾವೇ ಕಂಬ ನೆಟ್ಟರು. ಆ ತಂತಿಯ ತುದಿಯಲ್ಲಿ ದೀಪವೂ ಇತ್ತು, ನೀರೆತ್ತುವ ಪಂಪೂ ಇತ್ತು, ಫ್ರಿಜ್ಜೂ ಇತ್ತು. ಕ್ಯಾನ್ಸರ್ ತಡೆಯೋಣ ಎಂದು ಯಾರೂ ಆ ಕಂಬಗಳನ್ನು ನೆಡಲಿಲ್ಲ. ನಮ್ಮಲ್ಲಿ ಇನ್ನೂ ಸಾರ್ವಜನಿಕ ಹಣವೆಂದರೆ ಪೋಲು ಎನ್ನುವವರಿದ್ದರೆ ಈ ಕಂಬಗಳನ್ನು ಒಮ್ಮೆ ನೆನೆಯಬೇಕು.

1988ರಲ್ಲಿ ನಮ್ಮ ಮನೆಯಲ್ಲಿದ್ದದ್ದು ಭಾಗ್ಯಜ್ಯೋತಿಯ ಒಂದೇ ಬಲ್ಬು. ಅದರ ಕೆಳಗೆ ಅಮ್ಮ ರಾತ್ರಿ ಮುದ್ದೆ ಕಟ್ಟುತ್ತಿದ್ದಳು, ಬೆಳಿಗ್ಗೆ ಹೊಲಕ್ಕೆ ಹೋಗುವ ಅಪ್ಪ ತಂಗಳು ಮುದ್ದೆಯನ್ನು ಉಪ್ಪಿನಕಾಯಿಯ ಜೊತೆ ಉಣ್ಣುತ್ತಿದ್ದರು. ಆಯಾ ಹೊತ್ತಿಗೆ ಬಿಸಿ ಅಡುಗೆ ಉಂಡವರು ನಮ್ಮ ಹಿರಿಯರಲ್ಲ. ಹಾಗೆ ಉಂಡ ಮನೆಗಳಲ್ಲಿ ದಿನಕ್ಕೆರಡು ಸಲ ಒಲೆಯ ಹೊಗೆ ಕುಡಿದ ಹೆಂಗಸೊಬ್ಬಳು ಇದ್ದಳು, ಮಿಕ್ಕಿದ್ದನ್ನು ಹಿತ್ತಿಲ ಬಾಗಿಲಲ್ಲಿ ಸೆರಗೊಡ್ಡಿ ಈಸಿಕೊಂಡ ಇನ್ನೊಬ್ಬಳೂ ಇದ್ದಳು. 'ತಂಗಳು' ಎಂಬ ಪದಕ್ಕಿರುವ ತಿರಸ್ಕಾರದ ಮೂಲ ಆರೋಗ್ಯಶಾಸ್ತ್ರದಲ್ಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ, 2019-21ರಲ್ಲೂ ಭಾರತದ ಹತ್ತು ಮನೆಗಳಲ್ಲಿ ಫ್ರಿಜ್ಜಿದ್ದದ್ದು ಸುಮಾರು ನಾಲ್ಕರಲ್ಲಿ ಮಾತ್ರ.

ಭಾರತದಲ್ಲಿ ಜಠರದ ಕ್ಯಾನ್ಸರ್ ಅತಿ ಹೆಚ್ಚಿರುವುದು ಮಿಜೋರಾಮಿನಲ್ಲಿ, ಐಜ್ವಾಲ್ ಜಿಲ್ಲೆಯ ನೋಂದಣಿಯಲ್ಲಿ ಅದು ಎದ್ದು ಕಾಣುತ್ತದೆ. ಅಲ್ಲಿನ ಅಧ್ಯಯನಗಳು ಹೊಗೆಯಲ್ಲಿ ಒಣಗಿಸಿದ ಮಾಂಸ, ಹುಳಿಬರಿಸಿದ ಹಂದಿಕೊಬ್ಬು, ಅತಿಯಾದ ಉಪ್ಪು, ಜೊತೆಗೆ ತಂಬಾಕಿನ ಹೊಗೆಯನ್ನು ನೀರಿಗೆ ಇಳಿಸಿ ಮಾಡುವ 'ತುಯಿಬುರ್' ಕಡೆಗೆ ಬೊಟ್ಟು ಮಾಡುತ್ತವೆ. ಇದನ್ನು ಹೇಳುವಾಗ ನನಗೆ ಹಿಂಜರಿಕೆಯಿದೆ. ಯಾಕೆಂದರೆ ನಮ್ಮವರ ಕಿವಿಗೆ ಇದು ಬಿದ್ದ ಕೂಡಲೇ 'ನೋಡಿ, ಮಾಂಸ ತಿಂದರೆ ಹೀಗೆ' ಎಂಬ ಸಂದೇಶವಾಗಿ ಮರುದಿನ ಹಿಂತಿರುಗುತ್ತದೆ. ಆದರೆ ಕಡಿದಾದ ಬೆಟ್ಟಗಳ ನಾಡಿನಲ್ಲಿ, ಮಳೆಗಾಲದಲ್ಲಿ ರಸ್ತೆ ಕಡಿದುಹೋಗುವಲ್ಲಿ, ಒಲೆಯ ಮೇಲೆ ಮಾಂಸ ತೂಗುಹಾಕುವುದು ರುಚಿಗೆ ಮಾತ್ರವಲ್ಲ, ಬದುಕುವುದಕ್ಕೂ. ಚೀನ, ಜಪಾನ್, ಕೊರಿಯಾಗಳಲ್ಲಿ ಸಂಶಯಕ್ಕೆ ಒಳಗಾದ ಆಹಾರಗಳಲ್ಲಿ ಉಪ್ಪು ಹಾಕಿದ ತರಕಾರಿಗಳೂ ಇವೆ. ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆದಿದೆ. ಅಲ್ಲಿನ ಗಂಡಸರಲ್ಲಿ ಜಠರದ ಕ್ಯಾನ್ಸರ್ ಮುಂಚೂಣಿಯ ಕ್ಯಾನ್ಸರುಗಳಲ್ಲಿ ಒಂದಾಗಿಯೇ ಕಂಡಿದೆ. ಉಪ್ಪಿಗೆ ಜಾತಿ ಗೊತ್ತಿಲ್ಲ, ಒಣಮೀನಿನಲ್ಲೂ ಮಾವಿನ ಮಿಡಿಯಲ್ಲೂ ಅದು ಒಂದೇ.

ಈಗ ನಮ್ಮ ಅತ್ತೆಯ ಆರೋಪಕ್ಕೆ ಬರೋಣ. ಉಪ್ಪಿನ ಬಗ್ಗೆ ಅವಳು ಅರ್ಧ ಸರಿ: 2018ರಲ್ಲಿ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ತಜ್ಞರು ಸಾಕ್ಷ್ಯಗಳನ್ನೆಲ್ಲ ತೂಗಿ, ಉಪ್ಪಿನಲ್ಲಿ ಕಾಪಿಟ್ಟ ಆಹಾರ ಅಪಾಯವನ್ನು ಹೆಚ್ಚಿಸುವುದು ಸಂಭಾವ್ಯ ಎಂದರು. ಖಾರದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಆದರೆ ಅತ್ತೆ ಹೇಳದೆ ಬಿಟ್ಟದ್ದು ಒಂದಿತ್ತು. ಅಪ್ಪ ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರು. ತಂಬಾಕಿನ ಹೊಗೆ ಜಠರದ ಕ್ಯಾನ್ಸರಿಗೂ ಕಾರಣ ಎಂಬುದರಲ್ಲಿ ಇಂದು ಸಂಶಯವಿಲ್ಲ. ತಿಥಿಗೆ ಬಂದ ಹತ್ತು ಜನರಲ್ಲಿ ಒಬ್ಬರಾದರೂ ಬೀಡಿಯ ಹೆಸರೆತ್ತಲಿಲ್ಲ. ಬೀಡಿ ಗಂಡಸಿನದು, ಅಡುಗೆ ಹೆಂಗಸಿನದು. ತಪ್ಪು ಯಾರದೆಂದು ಆರಿಸುವುದು ಎಷ್ಟು ಸುಲಭವಾಯಿತು! ಬಾವಿಯ ಹೆಸರನ್ನೂ ಯಾರೂ ಎತ್ತಲಿಲ್ಲ. ಪಂಚಾಯಿತಿಯ ನಲ್ಲಿ ನಮ್ಮ ಕೇರಿಗೆ ಬಂದದ್ದು ಅಪ್ಪ ಹೋದ ಮೇಲೆ.

ವಲಸಿಗರಾದ ನಮಗೆ ಇದರಲ್ಲಿ ನೇರವಾದ ಪಾಲಿದೆ. 1968ರಲ್ಲಿ ವಿಲಿಯಂ ಹೆನ್ಸಲ್ ಮತ್ತು ಮಿನೋರು ಕುರಿಹಾರ ಅಮೆರಿಕಕ್ಕೆ ಬಂದ ಜಪಾನೀಯರ ಸಾವಿನ ದಾಖಲೆಗಳನ್ನು ಪರಿಶೀಲಿಸಿದರು. ಹುಟ್ಟೂರಿನ ಜಠರದ ಕ್ಯಾನ್ಸರಿನ ಅಪಾಯವನ್ನು ಮೊದಲ ತಲೆಮಾರು ಬಹುಪಾಲು ತನ್ನೊಂದಿಗೇ ಹೊತ್ತು ತಂದಿತ್ತು; ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಅದು ಸ್ಪಷ್ಟವಾಗಿ ಇಳಿದಿತ್ತು. ಪಾಸ್‌ಪೋರ್ಟಿನ ಮೇಲೆ ಮುದ್ರೆ ಬಿದ್ದ ಮಾತ್ರಕ್ಕೆ ಜಠರದ ವಿಳಾಸ ಬದಲಾಗುವುದಿಲ್ಲ. ನಾವು ಇಲ್ಲಿ ಎರಡು ಬಾಗಿಲಿನ ಫ್ರಿಜ್ಜು ಇಟ್ಟುಕೊಂಡು ಸಾವಯವ ಪಾಲಕ್ ತಿನ್ನುತ್ತಿರಬಹುದು; ಐದನೆಯ ವಯಸ್ಸಿನಲ್ಲಿ ಕುಡಿದ ನೀರು ಇನ್ನೂ ನಮ್ಮೊಳಗಿದೆ.

ಹಾಗೆಂದು ಊರಿಂದ ತಂದ ಉಪ್ಪಿನಕಾಯಿಯ ಡಬ್ಬಿಯನ್ನು ಕಸಕ್ಕೆ ಹಾಕಿ ಎಂದು ಹೇಳಲು ನಾನು ಬಂದಿಲ್ಲ. ಮೊಸರನ್ನಕ್ಕೆ ಒಂದು ಹೋಳು ಹಾಕಿಕೊಳ್ಳುವುದು ಬೇರೆ, ಪಲ್ಯವಿಲ್ಲದ್ದಕ್ಕೆ ಅದನ್ನೇ ಪಲ್ಯ ಮಾಡಿಕೊಂಡು ಉಣ್ಣುವುದು ಬೇರೆ. ಇಲ್ಲಿನ ಬೇಕನ್, ಸಲಾಮಿಯಂಥ ಸಂಸ್ಕರಿತ ಮಾಂಸಕ್ಕೂ ಇದೇ ಮಾತು. ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು ಬೇರೊಂದು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿದ್ದರೆ ನಿಮ್ಮ ಅಪಾಯ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ದಕ್ಷಿಣ ಕೊರಿಯಾದಲ್ಲಿ ಅಂಥ ಕುಟುಂಬಗಳ ಸೋಂಕಿತರಿಗೆ ಬ್ಯಾಕ್ಟೀರಿಯಾದ ಚಿಕಿತ್ಸೆ ಕೊಟ್ಟು ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಚಿಕಿತ್ಸೆ ಪಡೆದ ಗುಂಪಿನಲ್ಲಿ ಕ್ಯಾನ್ಸರ್ ಶೇ. 55ರಷ್ಟು ಕಡಿಮೆಯಾಗಿತ್ತು. ಜಪಾನ್ 2013ರಿಂದ ಈ ಸೋಂಕಿನಿಂದಾದ ದೀರ್ಘಕಾಲದ ಉರಿಯೂತಕ್ಕೂ ತನ್ನ ರಾಷ್ಟ್ರೀಯ ವಿಮೆಯಲ್ಲೇ ಚಿಕಿತ್ಸೆ ಕೊಡುತ್ತಿದೆ. ಇಲ್ಲಿ ನಾವು ಕೇಳಿ ಪಡೆಯಬೇಕು. ಕೇಳಿದರೆ ಉಸಿರಿನ ಒಂದು ಪರೀಕ್ಷೆ, ಅಷ್ಟೇ.

ನಾನು ಕೇಳಿದ್ದು ತಡವಾಗಿ, ಕಳೆದ ವರ್ಷ. ಪರೀಕ್ಷೆ ಪಾಸಿಟಿವ್ ಬಂತು. ಎಂಡೋಸ್ಕೋಪಿಯಲ್ಲಿ ಒಂದಿಷ್ಟು ಉರಿಯೂತ ಬಿಟ್ಟರೆ ಬೇರೇನೂ ಇರಲಿಲ್ಲ. ಹದಿನಾಲ್ಕು ದಿನ ಮುಷ್ಟಿ ತುಂಬ ಮಾತ್ರೆ ನುಂಗಿದೆ. ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ ಇತ್ತು. ಮುಗಿದ ಮೇಲೆ ಅಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ತಾಯಿಯಿಂದಲೇ ಮಗುವಿಗೆ ದಾಟುತ್ತದೆ ಎಂಬ ಸಂಶೋಧನೆಯನ್ನು ಮಾತ್ರ ಹೇಳಲಿಲ್ಲ. ನಿಮ್ಮ ಮುಂದೆ ಹೇಳುತ್ತಿದ್ದೇನೆ.

"ಅದು ಎಲ್ಲಿಂದ ಬಂತಂತೆ?" ಎಂದಳು.

"ಚಿಕ್ಕಂದಿನಲ್ಲೇ ಬಂದಿರುತ್ತಂತೆ ಕಣಮ್ಮ. ನೀರಿಂದ್ಲೂ ಬರಬಹುದಂತೆ."

"ಅಂದ್ರೆ ಆ ಬಾವಿ."

"ಇರಬಹುದು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಬಾವಿ ನೀರು ನಿಮ್ಮತ್ತೆನೂ ಕುಡಿದವಳೇ ಅಲ್ವಾ. ಅವಳಿಗೂ ಒಂದು ಪರೀಕ್ಷೆ ಮಾಡಿಸ್ಕೊ ಅಂತ ಹೇಳು" ಎಂದಳು.

ಅತ್ತೆಗೆ ಹೇಳಿದ್ದೇನೆ. ಅವಳಿಗೀಗ ಎಪ್ಪತ್ತೆಂಟು, ನಕ್ಕುಬಿಟ್ಟಳು. ಅಕ್ಕ ತುಮಕೂರಿನಲ್ಲಿ ಮಾಡಿಸಿಕೊಂಡಿದ್ದಾಳೆ. ತಮ್ಮ ಇನ್ನೂ ಮುಂದೂಡುತ್ತಿದ್ದಾನೆ, ಅವನೂ ಬೀಡಿ ಬಿಟ್ಟು ಸಿಗರೇಟು ಹಿಡಿದಿದ್ದಾನೆ. ಈ ಸಲ ಊರಿಗೆ ಹೋದಾಗ ನಾನೇ ಕರೆದುಕೊಂಡು ಹೋಗಬೇಕೆಂದಿದ್ದೇನೆ.

 ಆ ಸಂದೇಶ ಕಳಿಸಿದ ಗೆಳೆಯರೇ ಮೊದಲ ಪ್ರಶ್ನೆ ಕೇಳಲಿ.